ಎಣ್ಣೆ ಹಚ್ಚಿದ ಅಂಗಾಲು

ಹಗ್ಗ ಮಾರುವವನಿಗೆ ಹಗ್ಗ ಹಿಡಿಯಲೂ ಬರಬೇಕು ಎಂಬುದು ಮೊದಲಿನಿಂದಲೂ ನನ್ನ ಲೆಕ್ಕಾಚಾರ. ತೊಂಬತ್ತರ ದಶಕದಲ್ಲಿ ದುಬೈ ಬಂದರಿಗೆ ಬರುವ ಹಡಗುಗಳಿಗೆ ತರಕಾರಿ, ಹಗ್ಗ, ಬಣ್ಣ ಪೂರೈಸುವ ಅಂಗಡಿ ನನ್ನದು ಮತ್ತು ಭಾವನದು, ಅಂದರೆ ಅಕ್ಕನ ಗಂಡನದು. ಒಮ್ಮೆ ಜಪಾನಿನ ಹಾಯಿಹಡಗೊಂದು ಬಂತು. ಅದರಲ್ಲಿ ನಾವಿಕ ವಿದ್ಯೆ ಕಲಿಯುವ ವಿದ್ಯಾರ್ಥಿಗಳೇ ಕೆಲಸದವರು. ಅಧಿಕಾರಿಯೊಬ್ಬ ಕಲ್ಲಂಗಡಿಯ ದರ ಇಳಿಸಲು ಕೇಳಿದ. ಇಳಿಸುತ್ತೇನೆ, ಆದರೆ ಅಬುಧಾಬಿಯವರೆಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಬೇಕು ಎಂದೆ. ಕ್ಯಾಪ್ಟನ್ ಒಪ್ಪಿದರು. ಆದರೆ ಆ ಹಡಗಿನಲ್ಲಿ ಅತಿಥಿಗಳಿಲ್ಲ, ವಿದ್ಯಾರ್ಥಿಗಳು ಮಾಡುವುದನ್ನೆಲ್ಲ ನಾವೂ ಮಾಡಬೇಕು ಎಂದರು. ನನ್ನ ಮಾತು ಕೇಳಿ, ಷರತ್ತಿನಲ್ಲಿ 'ಎಲ್ಲ' ಎಂಬ ಶಬ್ದ ಬಂದರೆ ಅಲ್ಲೇ ನಿಲ್ಲಿಸಿ, ಏನೇನು ಎಂದು ಬಿಡಿಸಿ ಕೇಳಿ. ನಾನು ಕೇಳಲಿಲ್ಲ.

ಹಡಗು ಹೊರಟ ಮರುದಿನ ಬೆಳಿಗ್ಗೆ ಎದ್ದರೆ ಡೆಕ್ ಉಜ್ಜುವ ಕೆಲಸ. ಬರಿಗಾಲಲ್ಲಿ ಸಾಲಾಗಿ ಕುಕ್ಕರುಗಾಲಿನಲ್ಲಿ ಕುಳಿತು, ಅರ್ಧಕ್ಕೆ ಸೀಳಿದ ತೆಂಗಿನಕಾಯಿಯ ಸಿಪ್ಪೆಯಿಂದ ಮರದ ಹಲಗೆಯನ್ನು ಉಜ್ಜಬೇಕು. ಎಲ್ಲರೂ ಒಟ್ಟಿಗೆ ಕೂಗುತ್ತ ಮುಂದೆ ಸರಿಯುತ್ತಿದ್ದರು.

"ಎಂತ ಮಾರಾಯ, ಊರಲ್ಲಿ ಒಲೆಗೆ ಹಾಕುದನ್ನು ಇಲ್ಲಿ ಕೈಯಲ್ಲಿ ಹಿಡ್ಕೊಂಡು ಕೂತಿದ್ದೇವಲ್ಲ," ಎಂದ ಭಾವ.

"ಸುಮ್ನೆ ಉಜ್ಜಿ ಭಾವ. ಅವರು ನೋಡ್ತಿದ್ದಾರೆ."

ಉಪ್ಪುನೀರಿಗೆ ಹಿಮ್ಮಡಿ ಬಿರಿದು ಉರಿಯತೊಡಗಿತು. ಕರಾವಳಿಯವರಿಗೆ ಇದಕ್ಕೆ ಮದ್ದು ಒಂದೇ. ನಾನು ಚೀಲದಿಂದ ತೆಂಗಿನೆಣ್ಣೆಯ ಬಾಟಲಿ ತೆಗೆದು ಅಂಗಾಲಿಗೆ ಚೆನ್ನಾಗಿ ತಿಕ್ಕಿದೆ. ಒಳಗೆ ಇಳಿಯಲಿ ಎಂದು ಒರೆಸಲೂ ಇಲ್ಲ. ಅಷ್ಟರಲ್ಲಿ ಸೀಟಿ ಕೇಳಿಸಿತು. ಹಾಯಿ ಬಿಚ್ಚಲು ಬರಿಗಾಲಲ್ಲೇ ಕಂಬ ಹತ್ತಬೇಕಂತೆ.

ಹಡಗಿನ ಅಂಚಿನಿಂದ ಕಂಬಕ್ಕೆ ಓರೆಯಾಗಿ ಬಿಗಿದ ಹಗ್ಗದ ಏಣಿ. ಸೊಂಟದ ಪಟ್ಟಿಯ ಕೊಕ್ಕೆಯನ್ನು ಮೇಲೆ ಹಾಯಿ ಕಟ್ಟಿದ ಅಡ್ಡಮರ ತಲುಪಿದ ನಂತರವೇ ಸಿಕ್ಕಿಸುವುದು. ಅಲ್ಲಿಯವರೆಗೆ ಕೈಕಾಲೇ ಗತಿ. ಅರ್ಧ ದಾರಿಯವರೆಗೆ ಧೈರ್ಯವಾಗಿಯೇ ಹೋದೆ. ಹಡಗು ಒಂದು ಕಡೆ ವಾಲಿತು. ಬಲಗಾಲು ಜಾರಿತು, ಅದರ ಹಿಂದೆಯೇ ಎಡಗಾಲೂ ಜಾರಿತು.

ಕೈಗಳಲ್ಲಿ ನೇತಾಡುತ್ತಿದ್ದೆ. ಕಾಲ ಕೆಳಗೆ ಡೆಕ್ ಇರಲಿಲ್ಲ, ಹಸಿರು ನೀರು ಇತ್ತು. ಹಡಗು ಆಚೆ ವಾಲಿದಾಗ ಡೆಕ್ ಬಂತು, ಅದನ್ನು ನೋಡಿ ಇನ್ನೂ ಹೆದರಿದೆ. ಕಾಲು ಹುಡುಕಿ ಇಟ್ಟೆ, ಮತ್ತೆ ಜಾರಿತು. ಬೆರಳುಗಳು ನಿಧಾನಕ್ಕೆ ಬಿಚ್ಚಿಕೊಳ್ಳುತ್ತಿರುವುದು ನನಗೇ ಗೊತ್ತಾಗುತ್ತಿತ್ತು.

"ಬಿಡ್ಬೇಡ, ಬಿಡ್ಬೇಡ ಮಾರಾಯ," ಎನ್ನುವ ಭಾವನ ದನಿ ಮಾತ್ರ ಕೇಳಿಸುತ್ತಿತ್ತು.

ಕಲ್ಲಂಗಡಿಯ ದರ ಕೇಳಿದ್ದ ಅದೇ ಅಧಿಕಾರಿ ಏಣಿ ಹತ್ತಿ ಬಂದು, ನನ್ನ ಬೆನ್ನ ಹಿಂದಿನಿಂದ ಎರಡೂ ಕಡೆ ತೋಳು ಚಾಚಿ ಏಣಿಗೆ ನನ್ನನ್ನು ಒತ್ತಿ ಹಿಡಿದ. ಕೆಳಗೆ ನೋಡಬೇಡ ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಒಂದು ಕೈ ಬಿಡಿಸಿಕೊಂಡು, ನನ್ನ ಪಾದವನ್ನು ಹಿಂದಕ್ಕೆ ಮಡಚಿ ತನ್ನ ಮೊಣಕಾಲಿಗೆ ಆನಿಸಿ, ಕೊರಳಿನ ಟವೆಲಿನಿಂದ ಅಂಗಾಲು ಒರೆಸಿದ. ಮೂಗಿಗೆ ಎಣ್ಣೆಯ ವಾಸನೆ ಬಡಿದಿರಬೇಕು, ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ಇನ್ನೊಂದು ಕಾಲು. ಒಂದೊಂದು ಮೆಟ್ಟಿಲಿಗೂ ನನ್ನ ಪಾದವನ್ನು ಕೈಯಿಂದ ಹಿಡಿದು ಇಡುತ್ತ ಇಳಿಸಿದ.

ಡೆಕ್ ಮೇಲೆ ಕುಸಿದು ಕುಳಿತೆ. ಭಾವ ನೀರು ತಂದ. ಅಧಿಕಾರಿ ಬೈಯಲಿಲ್ಲ. ಬೂದಿ ಬಣ್ಣದ ಸೋಪು ಕೊಟ್ಟು ಕಾಲು ತೊಳೆಸಿದ. ಹೆದರಿ ಇಳಿದವನು ಊಟಕ್ಕೆ ಮೊದಲು ಮತ್ತೆ ಹತ್ತಬೇಕು, ಇಲ್ಲಿಯ ಪದ್ಧತಿ ಅದು ಎಂದ.

"ಖಲಾಸ್, ಇನ್ನು ಸಾಕು ಅಂತ ಹೇಳು ಅವನಿಗೆ," ಭಾವ ಅಂದ. "ಎಂತಾದ್ರೂ ಆದ್ರೆ ನಿನ್ನ ಅಕ್ಕನಿಗೆ ನಾನು ಎಂತ ಹೇಳುದು?"

"ಏನೂ ಹೇಳ್ಬೇಡಿ."

ನಾಲ್ಕು ಮೆಟ್ಟಿಲು ಹತ್ತಿದೆ. ಐದನೆಯದಕ್ಕೆ ಕಾಲೆತ್ತದೆ, ಎರಡೂ ತೋಳಿನಿಂದ ಏಣಿಯನ್ನು ತಬ್ಬಿಕೊಂಡೆ. ಪಕ್ಕದಲ್ಲೇ ಹತ್ತುತ್ತಿದ್ದ ಅಧಿಕಾರಿ ತಾನೂ ನಿಂತ. ಕೆಳಗೆ ಊಟದ ಗಂಟೆ ಹೊಡೆಯಿತು. ಆತ ಕದಲಲಿಲ್ಲ. ಕಣ್ಣು ಮುಚ್ಚಿಕೊಂಡು ಐದನೆಯ ಮೆಟ್ಟಿಲಿಗೆ ಬಲಗಾಲು ಎತ್ತಿದೆ.