ಖಾಲಿ ಹಾಳೆಯ ಹೆಬ್ಬೆಟ್ಟು

ಕಲಘಟಗಿ ಕಡೆಯ ನಮ್ಮೂರಲ್ಲಿ ಪಂಚಾಯಿತಿ ಎಂದರೆ ಎರಡು ದೊಡ್ಡ ಮನೆಗಳು ಹೇಳಿದ್ದೇ ಮಾತು. ಅದಕ್ಕೆ ಬೇಸತ್ತು ನಾವು ಇಪ್ಪತ್ತು ಜನ ಸಂಘ ಕಟ್ಟಿದೆವು. ಅಧ್ಯಕ್ಷಗಿರಿ ನಾಲ್ಕು ತಿಂಗಳಿಗೊಮ್ಮೆ ಸರದಿಯ ಮೇಲೆ. ಎಲ್ಲರದೂ ಮುಗಿಯುವ ತನಕ ಒಬ್ಬರಿಗೆ ಎರಡನೇ ಸಲ ಇಲ್ಲ. ಬಟ್ಟೆ ಹೊಲಿಯುವ ನನ್ನ ಅಕ್ಷರ ದುಂಡಗಿದೆ ಎಂದು ಠರಾವಿನ ಪುಸ್ತಕ ನನಗೆ ಕೊಟ್ಟರು. ಏನು ಬೀಗಿದ್ದೆ, ಯವ್ವಾ!

ಮೂರನೇ ಸರದಿ ಒಬ್ಬ ಅಣ್ಣನದು. ಬೈಕು ಇತ್ತು, ಮಾತು ಬಲ್ಲವರು. ರೇಷನ್ ಕಾರ್ಡು, ಪಿಂಚಣಿ ಎಂದು ಅರ್ಧ ಊರಿನ ಕೆಲಸ ಮಾಡಿಕೊಟ್ಟಿದ್ದರು. ಅವರ ನಂತರದ ಸರದಿ ಕೂಲಿಗೆ ಹೋಗುವ ಕಾಕಿಯದು. ಅವಳ ಕೇರಿಯಿಂದ ಸುಡುಗಾಡಿಗೆ ದಾರಿಯಿಲ್ಲ; ಮಳೆಗಾಲದಲ್ಲಿ ಹೆಣ ಹೊತ್ತವರು ಮೊಳಕಾಲುದ್ದ ಕೆಸರಲ್ಲಿ ಹೋಗಬೇಕು. "ನನ್ನ ಪಾಳಿ ಬರ್ಲಿ. ಸಾಹೇಬರ ಮುಂದ ಕುರ್ಚಿ ಮ್ಯಾಲ ಕುಂತು ಕೇಳತೇನಿ, ನಿಂತು ಬೇಡಂಗಿಲ್ಲ" ಎನ್ನುತ್ತಿದ್ದಳು. ದಿನ ಎಣಿಸುತ್ತಿದ್ದಳು ಪಾಪ.

ನಾಟಿ ಶುರುವಾಯಿತು. ಸಭೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅಣ್ಣ ನನ್ನ ಬಾಗಿಲಿಗೆ ಬಂದರು. "ಅಕ್ಕಾರ, ಮಂದಿ ಎಲ್ಲಾ ಗದ್ಯಾಗ ಅದಾರ. ಹಾಳಿ ಕೆಳಗ ಸಹಿ ತಗೊಂಡ ಇಡ್ರಿ. ಮ್ಯಾಲಿಂದು ಆಮ್ಯಾಲೆ ಬರಿಯೂಣು."

ಹಿಂದಿನ ಸರದಿಯಲ್ಲೂ ಒಮ್ಮೆ ಹಾಗೇ ಮಾಡಿದ್ದೆವು, ನಮ್ಮ ನಮ್ಮೊಳಗೆ ಏನು ಎಂದು. ನಾನು ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಬದುವಿನಿಂದ ಬದುವಿಗೆ ಅಲೆದೆ. ಕಾಕಿ ಸಸಿಯ ಕಟ್ಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹಾಳೆಯನ್ನೇ ನೋಡಿದಳು.

"ಮ್ಯಾಲ ಏನೂ ಬರದಿಲ್ಲಲ್ಲಬೇ?"

"ನನ್ನ ಮ್ಯಾಲ ನಂಬಿಕಿ ಇಲ್ಲೇನಬೇ ನಿನಗ?" ಎಂದು ರೇಗಿದೆ. ಅವಳು ನಕ್ಕು ಹೆಬ್ಬೆಟ್ಟು ಒತ್ತಿದಳು. ಆ ನಗುವನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಮರುವಾರ ಅಣ್ಣ, ತಾಲೂಕು ಕಚೇರಿಯಲ್ಲಿ ತೋರಿಸಬೇಕು ಎಂದು ಪುಸ್ತಕ ಒಯ್ದರು. ಎರಡು ಸಲ ಕೇಳಿದೆ. "ಐತಿ ಬಿಡ್ರಿ, ಎಲ್ಲಿ ಹೊಕ್ಕೈತಿ" ಎಂದರು. ಮೂರನೇ ಸಲ ಕೇಳಲು ಯಾಕೋ ಹೆದರಿಕೆಯಾಯಿತು.

ಸರದಿ ಮುಗಿದ ದಿನ ಸಭೆ ಸೇರಿತು. ಕಾಕಿ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಅಣ್ಣ ಕುರ್ಚಿ ಬಿಟ್ಟು ಏಳಲಿಲ್ಲ. ಪುಸ್ತಕ ತೆಗೆದು ಒಂದು ಠರಾವನ್ನು ತಾವೇ ಓದಿದರು: ಬರುವ ಪಂಚಾಯಿತಿ ಚುನಾವಣೆ ಮುಗಿಯುವವರೆಗೆ ಅವರೇ ಅಧ್ಯಕ್ಷರು, ಸಂಘದಲ್ಲಿ ಒಡಕು ತರುತ್ತಿರುವ ಕಾಕಿಯನ್ನು ಸದಸ್ಯತ್ವದಿಂದ ತೆಗೆಯಲಾಗಿದೆ, ಸರ್ವಾನುಮತ. ಅಕ್ಷರ ನನ್ನದಲ್ಲ. ಕೆಳಗಿನ ಸಹಿ ಎಲ್ಲರದು, ಕಾಕಿಯ ಹೆಬ್ಬೆಟ್ಟೂ ಸೇರಿ.

ಕಾಕಿ ನನ್ನ ಕಡೆ ತಿರುಗಿದಳು. "ನೀ ಹೇಳ ಯವ್ವಾ. ಅವತ್ತ ಹಾಳಿ ಖಾಲಿ ಇತ್ತಿಲ್ಲೋ?"

ಹತ್ತೊಂಬತ್ತು ಜನಕ್ಕೂ ಗೊತ್ತಿತ್ತು. ಎಲ್ಲರೂ ನೆಲ ನೋಡುತ್ತ ಕೂತರು. ಅಣ್ಣ ದನಿ ಏರಿಸಲೇ ಇಲ್ಲ. "ಹೇಳ್ರಿ ಅಕ್ಕಾರ. ಖಾಲಿ ಹಾಳಿಗೆ ಸಹಿ ತಗೊಂಡಾವ್ರು ನೀವ. ಕೇಸ್ ಆದ್ರ ಮೊದಲ ನಿಮ್ಮ ಮ್ಯಾಲ ಆಕ್ಕೈತಿ. ಹೇಳ್ರಿ."

ಅಳತೆ ಕೊಡುವಾಗ ಅಲುಗಾಡಿದವರನ್ನೂ ಬೈಯುವ ನಾನು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತೆ. ಕಾಕಿ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಅಣ್ಣ ಪುಸ್ತಕವನ್ನು ನನ್ನ ಮುಂದೆ ಸರಿಸಿದರು. "ಯಾರದೂ ತಕರಾರ ಇಲ್ಲ ಅಂತ ಬರ್ಕೋರಿ."

ಬರೆದುಕೊಂಡೆ.