ಗೆಳತಿ ಬರೆದ ಕವರಿಂಗ್ ಲೆಟರ್

ನಾವು ಬಿ.ಕಾಂ. ಮುಗಿಸಿದ ವರ್ಷ ನಮ್ಮ ತರಗತಿಯವರೆಲ್ಲ ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರದ ಒಂದೇ ಜೆರಾಕ್ಸ್ ಅಂಗಡಿಯಲ್ಲಿ ರೆಸ್ಯೂಮ್ ಮಾಡಿಸುತ್ತಿದ್ದರು. ಅದರ ಮೇಲೆ ಲಗತ್ತಿಸುವ ಕವರಿಂಗ್ ಲೆಟರ್ ಅಂಗಡಿಯವರ ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧವಿತ್ತು. ಹೆಸರು, ಊರು ಬದಲಿಸಿದರೆ ಮುಗಿಯಿತು. ಹಾಗಾಗಿ ನಾವೆಲ್ಲರೂ ಶ್ರಮಜೀವಿಗಳು, ಎಲ್ಲರೂ ಪ್ರಾಮಾಣಿಕರು, ಅವಕಾಶ ಕೊಟ್ಟರೆ ಸಂಸ್ಥೆಯ ಏಳಿಗೆಗೆ ದುಡಿಯುವವರು.

ನಾನು ಬೇಗೂರಿನವಳು, ನನ್ನ ಗೆಳತಿ ಹಂಗಳದವಳು. ಕಾಲೇಜಿನುದ್ದಕ್ಕೂ ಒಂದೇ ಬೆಂಚಿನಲ್ಲಿ ಕೂತವರು. ಬದನಗುಪ್ಪೆಯ ಬಟ್ಟೆ ಕಾರ್ಖಾನೆಯೊಂದರಲ್ಲಿ ಆಫೀಸ್ ಕೆಲಸಕ್ಕೆ ಜನ ಬೇಕಂತೆ ಎಂಬ ಸುದ್ದಿ ತಂದವಳು ಅವಳೇ. ಇಬ್ಬರೂ ಅಂಗಡಿಯ ಪತ್ರ ಮಾಡಿಸಿಕೊಂಡು ನಮ್ಮ ಕಾಮರ್ಸ್ ಮೇಡಂಗೆ ತೋರಿಸಿದೆವು. ಅವರು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, "ಇದರಲ್ಲಿ ನೀನ್ಯಾರು, ಅವಳ್ಯಾರು?" ಎಂದು ಕೇಳಿದರು. "ನಿಮ್ಮ ಬಗ್ಗೆ ನೀವೇ ಬರೆದುಕೊಂಡು ಬನ್ನಿ. ಕನ್ನಡದಲ್ಲೇ ಬರೀರಿ, ಇಂಗ್ಲಿಷ್ ನಾನು ಮಾಡಿಕೊಡ್ತೀನಿ."

ಬೇಕರಿಯಲ್ಲಿ ಕೂತು ಶುರು ಮಾಡಿದೆವು. ಟೀ ಆರಿತು, ಹಾಳೆ ಖಾಲಿಯೇ ಇತ್ತು. ನನ್ನ ಬಗ್ಗೆ ಬರೆಯಲು ನನಗೆ ಒಂದು ವಾಕ್ಯವೂ ಹೊಳೆಯಲಿಲ್ಲ.

"ನಮ್ಮನ್ನ ನಾವೇ ಒಗಳ್ಕಳಕೆ ನಾಚ್ಕೆ ಆಯ್ತದೆ ಕಣಮ್ಮಿ," ಅಂದಳು ಗೆಳತಿ. "ನಿಂದ ನಾ ಬರೀತೀನಿ, ನಂದ ನೀ ಬರ್ದ್ಬುಡು."

ಅವಳ ಬಗ್ಗೆ ಬರೆಯುವುದು ಸುಲಭವಾಗಿತ್ತು. ರಜೆಯಲ್ಲಿ ಅವಳು ಅಪ್ಪನ ಜೊತೆ ಟೊಮೇಟೊ ಮಾರಲು ಗುಂಡ್ಲುಪೇಟೆ ಮಾರ್ಕೆಟ್ಟಿಗೆ ಬರುತ್ತಿದ್ದಳು. ಕೇರಳದ ವ್ಯಾಪಾರಿಗಳ ಜೊತೆ ಮಲಯಾಳದಲ್ಲಿ, ತಾಳವಾಡಿ ಕಡೆಯವರ ಜೊತೆ ತಮಿಳಿನಲ್ಲಿ ಮಾತಾಡಿ, ಜಗಳವಿಲ್ಲದೆ ತನ್ನ ರೇಟಿಗೇ ಮಾರಿ ಬರುತ್ತಿದ್ದಳು. ಅದನ್ನೇ ಬರೆದೆ.

ಅವಳು ನನ್ನ ಹೆಸರಿನಲ್ಲಿ ಹೀಗೆ ಬರೆದಿದ್ದಳು: "ನಾನು ಹೆಚ್ಚು ಮಾತಾಡುವುದಿಲ್ಲ. ಕಾಲೇಜಿನ ವಾರ್ಷಿಕೋತ್ಸವ ಮುಗಿದು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಬಾಡಿಗೆ ಕುರ್ಚಿಗಳನ್ನು ಎಣಿಸಿ ಲಾರಿ ಹತ್ತಿಸಿದವಳು ನಾನು. ನನಗೆ ಯಾರೂ ಹೇಳಿರಲಿಲ್ಲ."

ಆ ದಿನ ನನ್ನನ್ನು ಯಾರೂ ನೋಡಲಿಲ್ಲ ಎಂದೇ ನಾನು ತಿಳಿದಿದ್ದೆ. ಓದಿ ಮುಗಿಸಿ, ಇಂಗ್ಲಿಷ್ ಮಾಡಿಸಲು ಎರಡೂ ಹಾಳೆಗಳನ್ನು ಮೇಡಂ ಹತ್ತಿರ ಒಯ್ದೆ.

ಸಂದರ್ಶನಕ್ಕೆ ಇಬ್ಬರನ್ನೂ ಕರೆದರು. ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಬದನಗುಪ್ಪೆ ಸೇರಿದೆವು. ಮೊದಲು ಗೆಳತಿ ಹೋಗಿ ಬಂದಳು. ಆಮೇಲೆ ನಾನು. ಒಳಗಿದ್ದ ಅಧಿಕಾರಿ ಒಬ್ಬ ಹೆಂಗಸು. ನನ್ನ ಪತ್ರ ಓದಿ, "ಇದನ್ನ ನೀವೇ ಬರೆದಿರಾ?" ಎಂದರು.

"ಇಲ್ಲ ಮೇಡಂ. ಈಗ ಬಂದು ಹೋದಳಲ್ಲ, ಅವಳು ಬರೆದಳು. ಅವಳದ್ದನ್ನ ನಾನು ಬರೆದೆ."

ಅವರು ಕನ್ನಡಕ ತೆಗೆದಿಟ್ಟರು. "ಹಾಗಾದ್ರೆ ಇದರಲ್ಲಿರೋದು ನಿಜಾನಾ?"

"ಕುರ್ಚಿ ಎಣಿಸಿದ್ದು ನಿಜ ಮೇಡಂ. ಅವಳು ಸುಳ್ಳು ಬರೆಯೋಳಲ್ಲ."

ಅವರು ನಕ್ಕರು. ಆದರೆ ಅಲ್ಲಿದ್ದದ್ದು ಒಂದೇ ಕೆಲಸ, ಅದೂ ದಿನವಿಡೀ ಫೋನಿನಲ್ಲಿ ಹೊರ ಊರಿನವರ ಜೊತೆ ಮಾತಾಡುವ ಕೆಲಸ. ಅದು ಗೆಳತಿಗೆ ಸಿಕ್ಕಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಕೆಲಸ ಸಿಕ್ಕವಳ ಮುಖ ಅದಾಗಿರಲಿಲ್ಲ. ತೆರಕಣಾಂಬಿ ದಾಟಿದ ಮೇಲೆ ಬಾಯಿಬಿಟ್ಟಳು.

"ನೀ ಚೆನ್ನಾಗಿ ಬರ್ದೆ, ನಂಗಾಯ್ತು. ನಾ ಸರಿಯಾಗಿ ಬರೀನಿಲ್ಲ ಕಣಮ್ಮಿ."

ಕೆಲಸ ಸಿಗದ ಸಂಕಟ ನನಗೂ ಇತ್ತು. ಆದರೂ ನನ್ನ ಪಾಲಿನ ದುಃಖವನ್ನು ಅವಳು ತನ್ನ ತಪ್ಪೆಂದುಕೊಂಡು ಹೊತ್ತುಕೊಂಡಿದ್ದನ್ನು ನೋಡಿ ನಗು ಬಂತು. "ನನ್ನ ಬಗ್ಗೆ ಅಷ್ಟು ಚೆನ್ನಾಗಿ ನಮ್ಮವ್ವನೂ ಹೇಳಿಲ್ಲ ಸುಮ್ನಿರು," ಅಂದೆ. ಅವಳು ನನ್ನ ಕೈ ಹಿಡಿದುಕೊಂಡವಳು ಗುಂಡ್ಲುಪೇಟೆ ಬರುವವರೆಗೂ ಬಿಡಲಿಲ್ಲ.

ಅದೇ ಪತ್ರವನ್ನು ಆಮೇಲೆ ಗುಂಡ್ಲುಪೇಟೆಯ ಹತ್ತಿರ ಚೆಂಡುಹೂವು ಸಂಸ್ಕರಿಸುವ ಒಂದು ಘಟಕಕ್ಕೆ ಕೊಟ್ಟೆ. ಅಲ್ಲಿ ಗೋದಾಮಿನ ಲೆಕ್ಕ ನೋಡುವವರು ಬೇಕಾಗಿತ್ತು. ಸಾಹೇಬರು ಓದಿ, "ಕುರ್ಚಿ ಎಣಿಸಿದವರು ನೀವೇನಾ? ಸೋಮವಾರ ಬನ್ನಿ," ಎಂದರು.

ಗೆಳತಿ ಈಗಲೂ ಬದನಗುಪ್ಪೆಯಲ್ಲೇ ಇದ್ದಾಳೆ, ಅವಳ ಕೈಕೆಳಗೆ ನಾಲ್ಕು ಜನ. ನಾನೂ ಅದೇ ಚೆಂಡುಹೂವಿನ ಘಟಕದಲ್ಲಿದ್ದೇನೆ. ಹೊಸಬರ ಅರ್ಜಿಗಳು ಮೊದಲು ನನ್ನ ಮೇಜಿಗೇ ಬರುತ್ತವೆ. ಎಲ್ಲರ ಪತ್ರವನ್ನೂ ಈಗ ಮೊಬೈಲೇ ಬರೆದುಕೊಡುತ್ತದೆ. ಇಂಗ್ಲಿಷಿನಲ್ಲಿ ಒಂದೂ ತಪ್ಪಿರುವುದಿಲ್ಲ, ಯಾರ ಮುಖವೂ ಕಾಣುವುದಿಲ್ಲ. ಅದಕ್ಕೇ ಎದುರು ಕೂರಿಸಿಕೊಂಡು, "ನಿಮ್ಮನ್ನ ಚೆನ್ನಾಗಿ ಬಲ್ಲವರು ನಿಮ್ಮ ಬಗ್ಗೆ ಏನು ಹೇಳ್ತಾರೆ?" ಎಂದು ಕೇಳುತ್ತೇನೆ.

ಮೊನ್ನೆ ಬಂದ ಒಬ್ಬ ಹುಡುಗಿಗೂ ಇದನ್ನೇ ಕೇಳಿದೆ. "ಗೊತ್ತಿಲ್ಲ ಮೇಡಂ. ಫೋನ್ ಮಾಡಿ ಕೇಳ್ಕಂಡು ಬರ್ಲಾ?" ಎಂದಳು.

ಹೋಗಿ ಬಾ ಅಂದೆ. ಅವಳು ಹೊರಗೆ ಜಗುಲಿಯ ಮೇಲೆ ನಿಂತು ಯಾರ ಜೊತೆಗೋ ಮಾತಾಡುತ್ತ, ಮಧ್ಯೆ ಒಮ್ಮೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಾನು ಕಾಯುತ್ತ ಕೂತೆ.