ಅಂಚಿನಲ್ಲಿ ಕೂತ ಕಿನ್ನರಿ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಚಿತ್ರವೊಂದರ ಪ್ರಿಂಟು ಕೊಂಡಿದ್ದೆ. ಅಣಬೆಗಳ ನಡುವೆ ರೆಕ್ಕೆಯ ಪುಟ್ಟ ಕಿನ್ನರಿಯರ ಮದುವೆ ದಿಬ್ಬಣ. ಕಟ್ಟು ಹಾಕಿಸಲು, ಗಲ್ಫ್‌ನಲ್ಲಿ ನಾವಿರುವ ಅಲ್ ವಕ್ರಾದ ಫ್ರೇಮ್ ಅಂಗಡಿಗೆ ಒಯ್ದೆ. ಅಂಗಡಿಯ ಇಸ್ಮಾಯಿಲ್ ಉಳ್ಳಾಲದವರು. ನಾನು ಆರಿಸಿದ ಫ್ರೇಮನ್ನು ಚಿತ್ರದ ಮೇಲಿಟ್ಟು ತಲೆಯಾಡಿಸಿದರು.

"ಇದು ಬೇಡ ಮೇಡಂ. ಅಂಚಿನಲ್ಲಿ ಒಬ್ಬಳು ಕೂತಿದ್ದಾಳೆ, ಮುಚ್ಚಿಹೋಗ್ತಾಳೆ."

ಬಗ್ಗಿ ನೋಡಿದೆ. ಹುಲ್ಲಿನ ಮರೆಯಲ್ಲಿ ಉಗುರಿನಷ್ಟು ಮುಖ.

"ಹೋಗ್ಲಿ ಬಿಡಿ, ಯಾರಿಗೆ ಕಾಣುತ್ತೆ?" ಎಂದೆ.

"ಕಾಣದವರು ಅಂತ ಹಾಗೆ ಮಾಡ್ಲಿಕ್ಕುಂಟಾ? ನನ್ನ ಅಜ್ಜಿ ಹಿತ್ತಿಲಿಗೆ ಬಿಸಿನೀರು ಚೆಲ್ಲುವ ಮುಂಚೆ ಬಿಸ್ಮಿಲ್ಲಾ ಹೇಳ್ತಿದ್ರು. ಜಿನ್ನುಗಳ ಮೈ ಸುಡಬಾರದಲ್ಲಾ?"

ಮೈಸೂರಿನಲ್ಲಿ ನಮ್ಮಜ್ಜಿಯೂ ಬಿಸಿನೀರಿನ ಪಾತ್ರೆ ಹಿಡಿದು ಖಾಲಿ ಹಿತ್ತಿಲಿಗೆ "ಸರ್ಕೊಳ್ರಪ್ಪಾ" ಎಂದು ಕೂಗಿ, ಒಂದು ಕ್ಷಣ ಕಾಯುತ್ತಿದ್ದಳು. ಮಕ್ಕಳೆಲ್ಲ ನಗುತ್ತಿದ್ದೆವು. ಅವಳು ಹೋದ ಮೇಲೆ ಆ ಕೂಗು ನನಗೆ ಒಮ್ಮೆಯೂ ನೆನಪಾಗಿರಲಿಲ್ಲ.

"ದೊಡ್ಡ ಫ್ರೇಮೇ ಹಾಕಿ," ಎಂದೆ.

ಚಿತ್ರ ಈಗ ನಮ್ಮ ಹಾಲ್‌ನಲ್ಲಿದೆ. "ಅಮ್ಮಾ, ಮದುವೆಗೆ ಬಂದು ಈ ಫೇರಿ ಯಾಕೆ ದೂರ ಕೂತಿದೆ?" ಎಂದು ಮಗಳು ಕೇಳಿದಳು.

"ನಮ್ಮ ಕಡೆಯವಳಿರಬೇಕು," ಎಂದೆ. "ಯಾರಾದರೂ ಹತ್ತಿರ ಬಂದು ಕರೆಯದೆ ಊಟಕ್ಕೆ ಏಳಲ್ಲ."